ಫಾಲಿಕ್ಯುಲರ್ ಸ್ಕ್ಯಾನ್ ಮತ್ತು ಗರ್ಭಕೊರಳಿನ ಲೋಳೆ: ಎರಡನ್ನೂ ಜೊತೆಗಿಟ್ಟು ಓದುವುದು ಹೇಗೆ?

"ಬಲ ಅಂಡಾಶಯದಲ್ಲಿ ಫಾಲಿಕಲ್ 18 x 17 ಮಿ.ಮೀ. ಎಂಡೋಮೆಟ್ರಿಯಂ 8.4 ಮಿ.ಮೀ., ಟ್ರೈಲ್ಯಾಮಿನಾರ್. ಪಿಓಡಿಯಲ್ಲಿ ಫ್ಲೂಯಿಡ್ ಇಲ್ಲ."

ಮಗುವಿಗಾಗಿ ಆಸ್ಪತ್ರೆಗೆ ಓಡಾಡುತ್ತಿರುವವರ ಫೈಲಿನಲ್ಲಿ ಇಂಥ ಚೀಟಿ ಒಂದಾದರೂ ಇರುತ್ತದೆ. ದಿನ ಬಿಟ್ಟು ದಿನ ಹೋಗಿ ಸ್ಕ್ಯಾನ್ ಮಾಡಿಸುತ್ತಾರೆ, ದುಡ್ಡು ಕಟ್ಟುತ್ತಾರೆ, ಚೀಟಿ ತರುತ್ತಾರೆ. ಆದರೆ ಆ ಎರಡು ಸಾಲಿನಲ್ಲಿ ಏನು ಬರೆದಿದೆ ಅಂತ ಕೂತು ಹೇಳುವವರು ಕಡಿಮೆ. ಹೊರಗಡೆ ಇನ್ನೂ ಇಪ್ಪತ್ತು ಜನ ಕಾಯುತ್ತಿರುತ್ತಾರೆ, ಡಾಕ್ಟರಿಗೂ ಸಮಯ ಇರುವುದಿಲ್ಲ. ಹೀಗಾಗಿ "ಎಗ್ ಸೈಜ್ 18 ಬಂದಿದೆಯಂತೆ" ಎಂಬಲ್ಲಿಗೆ ತಿಳಿವಳಿಕೆ ನಿಂತುಬಿಡುತ್ತದೆ.

ಅದೇ ವಾರದಲ್ಲಿ ದೇಹ ತಾನಾಗಿಯೇ ಇನ್ನೊಂದು ಸುಳಿವು ಕೊಡುತ್ತಿರುತ್ತದೆ. ಅದಕ್ಕೆ ಮೆಷಿನ್ ಬೇಡ, ಅಪಾಯಿಂಟ್‌ಮೆಂಟ್ ಬೇಡ. ಗರ್ಭಕೋಶದ ಬಾಯಿಯಲ್ಲಿ, ಅಂದರೆ ಗರ್ಭಕೊರಳಿನಲ್ಲಿ ತಯಾರಾಗುವ ಲೋಳೆ ಅದು. ಇದನ್ನು ಸುಮ್ನೆ "ಬಿಳಿ ಹೋಗುವುದು" ಅಂದುಕೊಂಡು ಎಷ್ಟೋ ಜನ ಕಡೆಗಣಿಸುತ್ತಾರೆ, ಇಲ್ಲವೇ ಹೆದರುತ್ತಾರೆ. ಸ್ಕ್ಯಾನ್ ಮತ್ತು ಲೋಳೆ ಎರಡೂ ಒಂದೇ ಘಟನೆಯನ್ನು ಬೇರೆ ಬೇರೆ ಕಡೆಯಿಂದ ಹೇಳುತ್ತವೆ. ಜೊತೆಗಿಟ್ಟು ನೋಡಿದರೆ ಒಂದರಿಂದ ತಿಳಿಯದ ವಿಷಯ ಇನ್ನೊಂದರಿಂದ ತಿಳಿಯುತ್ತದೆ. ಈ ಬರಹ ಅದರ ಬಗ್ಗೆ.

ಎರಡಕ್ಕೂ ಮೂಲ ಒಂದೇ

ಪ್ರತಿ ತಿಂಗಳು ಅಂಡಾಶಯದಲ್ಲಿ ಕೆಲವು ಪುಟ್ಟ ಚೀಲಗಳು ಬೆಳೆಯಲು ಶುರು ಮಾಡುತ್ತವೆ. ಇವೇ ಫಾಲಿಕಲ್‌ಗಳು. ಒಂದೊಂದರ ಒಳಗೂ ಒಂದು ಅಂಡಾಣು, ಸುತ್ತ ನೀರಿನಂಥ ದ್ರವ. ಮುಟ್ಟು ಶುರುವಾಗಿ ಒಂದು ವಾರವಾಗುವ ಹೊತ್ತಿಗೆ ಸಾಮಾನ್ಯವಾಗಿ ಒಂದು ಫಾಲಿಕಲ್ ಮಾತ್ರ ಮುಂದೆ ಹೋಗುತ್ತದೆ, ಉಳಿದವು ಅಲ್ಲೇ ಬಾಡುತ್ತವೆ.

ಮುಂದೆ ಹೋದ ಈ ಫಾಲಿಕಲ್‌ನ ಗೋಡೆಯೇ ಈಸ್ಟ್ರೋಜನ್ ಎಂಬ ಹಾರ್ಮೋನ್ ತಯಾರಿಸುವ ಜಾಗ. ಫಾಲಿಕಲ್ ದೊಡ್ಡದಾದಂತೆ ರಕ್ತದಲ್ಲಿ ಈಸ್ಟ್ರೋಜನ್ ಏರುತ್ತದೆ. ಏರಿದ ಈಸ್ಟ್ರೋಜನ್ ಗರ್ಭಕೋಶದ ಒಳಪದರವನ್ನು ದಪ್ಪ ಮಾಡುತ್ತದೆ. ಗರ್ಭಕೊರಳಿನ ಲೋಳೆಯನ್ನು ತೆಳು ಮಾಡುತ್ತದೆ. ಸಾಕಷ್ಟು ಏರಿದ ಮೇಲೆ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ಸುದ್ದಿ ಮುಟ್ಟುತ್ತದೆ, ಅಲ್ಲಿಂದ ಎಲ್‌ಎಚ್ ಹಾರ್ಮೋನ್ ಒಮ್ಮೆಲೇ ನುಗ್ಗುತ್ತದೆ. ಎಲ್‌ಎಚ್ ಏರಲು ಶುರುವಾಗಿ ಸುಮಾರು 36 ಗಂಟೆಗೆ ಫಾಲಿಕಲ್ ಒಡೆದು ಅಂಡಾಣು ಹೊರಬರುತ್ತದೆ.

ಒಡೆದ ಫಾಲಿಕಲ್ ಅಲ್ಲಿಗೇ ಕೆಲಸ ಮುಗಿಸುವುದಿಲ್ಲ. ಅದು ಕಾರ್ಪಸ್ ಲೂಟಿಯಂ ಆಗಿ ಬದಲಾಗಿ ಪ್ರೊಜೆಸ್ಟರಾನ್ ತಯಾರಿಸುತ್ತದೆ. ಪ್ರೊಜೆಸ್ಟರಾನ್ ಬಂದ ಕೂಡಲೇ ಲೋಳೆ ಗಟ್ಟಿಯಾಗಿ ದಾರಿ ಮುಚ್ಚುತ್ತದೆ, ಒಳಪದರ ಬೆಳೆಯುವುದನ್ನು ನಿಲ್ಲಿಸಿ ಭ್ರೂಣ ಅಂಟಿಕೊಳ್ಳಲು ತಯಾರಾಗುತ್ತದೆ.

ಸ್ಕ್ಯಾನ್‌ನಲ್ಲಿ ಕಾಣುವುದು ಫಾಲಿಕಲ್ ಮತ್ತು ಒಳಪದರ, ಅಂದರೆ ಆಕಾರ ಮತ್ತು ಅಳತೆ. ಲೋಳೆಯಲ್ಲಿ ಕಾಣುವುದು ಆ ಫಾಲಿಕಲ್ ತಯಾರಿಸಿದ ಹಾರ್ಮೋನ್ ದೇಹಕ್ಕೆ ಮುಟ್ಟಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಅನ್ನುವುದು. ಇಷ್ಟು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸಲೀಸು.

ಚೀಟಿಯ ಆ ಎರಡು ಸಾಲು

ಮೊದಲು "ಎಗ್ ಸೈಜ್" ವಿಷಯ. 18 ಮಿ.ಮೀ. ಇರುವುದು ಅಂಡಾಣು ಅಲ್ಲ, ಅದನ್ನು ಹೊತ್ತ ಫಾಲಿಕಲ್. ಅಂಡಾಣು ಸುಮಾರು 0.1 ಮಿ.ಮೀ. ಅಷ್ಟೇ. ಆಸ್ಪತ್ರೆಯ ಸ್ಕ್ಯಾನ್‌ನಲ್ಲಿ ಅದು ಕಾಣುವುದೇ ಇಲ್ಲ. ಹಾಗಾಗಿ "ಸೈಜ್ ಚೆನ್ನಾಗಿದೆ" ಅಂದರೆ ಫಾಲಿಕಲ್ ಚೆನ್ನಾಗಿ ಬೆಳೆದಿದೆ ಎಂದರ್ಥ. ಒಳಗಿನ ಅಂಡಾಣುವಿನ ಗುಣಮಟ್ಟ ಹೇಗಿದೆ ಎಂದು ಆ ಅಂಕಿ ಹೇಳುವುದಿಲ್ಲ. ಅಂಡಾಣುವಿನ ಗುಣಮಟ್ಟವನ್ನು ಎಲ್ಲಕ್ಕಿಂತ ಜಾಸ್ತಿ ನಿರ್ಧರಿಸುವುದು ವಯಸ್ಸು.

ಫಾಲಿಕಲ್ ನೋಡಲು ಮಾಡುವುದು ಸಾಮಾನ್ಯವಾಗಿ ಯೋನಿಯ ಮೂಲಕ ಮಾಡುವ ಸ್ಕ್ಯಾನ್, ಟಿವಿಎಸ್ ಅಂತಾರೆ. ತೆಳ್ಳಗಿನ ಪ್ರೋಬ್‌ಗೆ ಹೊಸ ಕಾಂಡೋಮ್ ಹಾಕಿ, ಜೆಲ್ ಹಚ್ಚಿ ಒಳಗೆ ಇಡುತ್ತಾರೆ. ಅಂಡಾಶಯಕ್ಕೆ ತುಂಬ ಹತ್ತಿರ ಇರುವುದರಿಂದ ಚಿತ್ರ ಸ್ಪಷ್ಟವಾಗಿರುತ್ತದೆ. ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನ್‌ಗೆ ಮೂತ್ರಕೋಶ ತುಂಬಿರಬೇಕು, ಇದಕ್ಕೆ ಖಾಲಿ ಇರಬೇಕು. ಇದರಲ್ಲಿ ಎಕ್ಸ್‌ರೇ ಇಲ್ಲ, ಬರೀ ಶಬ್ದದ ಅಲೆ. ಹಾಗಾಗಿ ಪದೇಪದೇ ಮಾಡಿಸಿದರೆ ಅಂಡಾಶಯಕ್ಕೆ ಏಟಾಗುತ್ತದೆ ಎಂಬ ಭಯ ಬೇಡ. ಸ್ವಲ್ಪ ಒತ್ತಿದಂತೆ ಅನ್ನಿಸಬಹುದು, ಜೋರು ನೋವಾಗಬಾರದು. ನೋವಾದರೆ ನಿಲ್ಲಿಸಿ ಅನ್ನಬಹುದು. ಕೋಣೆಯಲ್ಲಿ ಹೆಣ್ಣು ಸಹಾಯಕಿ ಇರಲಿ ಅಂತ ಕೇಳಬಹುದು. ಇದನ್ನು ಕೇಳಲು ಯಾರೂ ಸಂಕೋಚಪಡಬೇಕಿಲ್ಲ.

ಮುಟ್ಟಿನ ಎರಡನೆಯ ಅಥವಾ ಮೂರನೆಯ ದಿನದ ಸ್ಕ್ಯಾನ್‌ಗೆ ಬೇಸ್‌ಲೈನ್ ಅಂತಾರೆ. ಆಗ 2ರಿಂದ 10 ಮಿ.ಮೀ. ಒಳಗಿನ ಪುಟ್ಟ ಫಾಲಿಕಲ್‌ಗಳನ್ನು ಎಣಿಸುತ್ತಾರೆ. ಚೀಟಿಯಲ್ಲಿ ಎಎಫ್‌ಸಿ ಅಂತ ಬರುವುದು ಇದೇ. ಅಂಡಾಶಯದಲ್ಲಿ ಉಳಿದಿರುವ ಸಂಗ್ರಹ ಎಷ್ಟು ಅನ್ನುವುದರ ಅಂದಾಜು ಇದರಿಂದ ಸಿಗುತ್ತದೆ. ಹಿಂದಿನ ತಿಂಗಳ ಸಿಸ್ಟ್, ಅಂದರೆ ದ್ರವ ತುಂಬಿದ ಗುಳ್ಳೆ, ಏನಾದರೂ ಉಳಿದಿದೆಯೇ ಎಂದೂ ಆಗಲೇ ಗೊತ್ತಾಗುತ್ತದೆ. ಈ ಸ್ಕ್ಯಾನ್ ತಪ್ಪಿಸಿ ನೇರ ಹತ್ತನೇ ದಿನಕ್ಕೆ ಬಂದರೆ ಹಳೆಯ ಸಿಸ್ಟನ್ನೇ ಹೊಸ ಫಾಲಿಕಲ್ ಅಂದುಕೊಳ್ಳುವ ಸಾಧ್ಯತೆ ಇದೆ.

ಆಮೇಲೆ ಒಂಬತ್ತು ಅಥವಾ ಹತ್ತನೇ ದಿನದಿಂದ ದಿನ ಬಿಟ್ಟು ದಿನ ಸ್ಕ್ಯಾನ್. ಮುಂದೆ ಹೋದ ಫಾಲಿಕಲ್ ದಿನಕ್ಕೆ ಸುಮಾರು 2 ಮಿ.ಮೀ. ಬೆಳೆಯುತ್ತದೆ. ಒಡೆಯುವ ಹೊತ್ತಿಗೆ ಸಾಮಾನ್ಯವಾಗಿ 18ರಿಂದ 24 ಮಿ.ಮೀ. ಇರುತ್ತದೆ. 18 x 17 ಅಂತ ಎರಡು ಅಂಕಿ ಬರೆಯುವುದು ಯಾಕೆಂದರೆ ಫಾಲಿಕಲ್ ಪೂರ್ತಿ ಗುಂಡಗಿರುವುದಿಲ್ಲ. ಎರಡು ದಿಕ್ಕಿನಲ್ಲಿ ಅಳೆದು ಸರಾಸರಿ ತೆಗೆಯುತ್ತಾರೆ. ಒಬ್ಬರು ಅಳೆದದ್ದಕ್ಕೂ ಇನ್ನೊಬ್ಬರು ಅಳೆದದ್ದಕ್ಕೂ ಒಂದೆರಡು ಮಿ.ಮೀ. ಹೆಚ್ಚುಕಮ್ಮಿ ಆಗುವುದು ಸಹಜ. ನಿನ್ನೆ 17 ಇತ್ತು, ಇವತ್ತೂ 17 ಅಂದ ಮಾತ್ರಕ್ಕೆ ಬೆಳವಣಿಗೆ ನಿಂತಿತು ಅಂತ ರಾತ್ರಿಯೆಲ್ಲ ನಿದ್ದೆಗೆಡುವುದು ಬೇಡ.

ಎಂಡೋಮೆಟ್ರಿಯಂ ಅಂದರೆ ಗರ್ಭಕೋಶದ ಒಳಪದರ. ಅಂಡಾಣು ಬಿಡುಗಡೆಗೆ ಮುಂಚೆ ಈಸ್ಟ್ರೋಜನ್ ಚೆನ್ನಾಗಿದ್ದಾಗ ಇದು ಮೂರು ಗೆರೆಗಳಾಗಿ ಕಾಣುತ್ತದೆ. ಟ್ರೈಲ್ಯಾಮಿನಾರ್ ಅಥವಾ ಟ್ರಿಪಲ್ ಲೈನ್ ಎಂದು ಬರೆಯುವುದು ಇದನ್ನೇ. 7 ಅಥವಾ 8 ಮಿ.ಮೀ. ದಾಟಿದ್ದರೆ ಡಾಕ್ಟರುಗಳು ಸಮಾಧಾನಪಡುತ್ತಾರೆ. ಅದಕ್ಕಿಂತ ತೆಳ್ಳಗಿದ್ದವರೂ ಗರ್ಭಿಣಿಯಾಗಿದ್ದಾರೆ, ಹಾಗಾಗಿ ಒಂದೇ ತಿಂಗಳ ಅಂಕಿಯಿಂದ ತೀರ್ಮಾನಕ್ಕೆ ಬರುವಂತಿಲ್ಲ. ಆದರೆ ಪ್ರತಿ ತಿಂಗಳೂ ಪದರ ತೆಳ್ಳಗೇ ಉಳಿದರೆ ಕಾರಣ ಹುಡುಕಬೇಕು. ನಮ್ಮ ದೇಶದಲ್ಲಿ ಆ ಪಟ್ಟಿಯಲ್ಲಿ ಗರ್ಭಕೋಶದ ಕ್ಷಯವೂ ಇರಬೇಕು. ಕೆಮ್ಮು, ಜ್ವರ ಏನೂ ಇಲ್ಲದೆ ಟಿಬಿ ಒಳಗೊಳಗೇ ಪದರವನ್ನೂ, ಅಂಡಾಣು ಗರ್ಭಕೋಶಕ್ಕೆ ಸಾಗುವ ಟ್ಯೂಬುಗಳನ್ನೂ ಹಾಳು ಮಾಡಿರಬಹುದು.

ಇನ್ನು ಪಿಓಡಿ. ಗರ್ಭಕೋಶದ ಹಿಂದುಗಡೆ ಇರುವ ಒಂದು ತಗ್ಗು ಜಾಗ ಅದು. ಫಾಲಿಕಲ್ ಒಡೆದಾಗ ಒಳಗಿನ ದ್ರವ ಅಲ್ಲಿಗೆ ಇಳಿಯುತ್ತದೆ. ದೊಡ್ಡ ಫಾಲಿಕಲ್ ಮಾಯವಾಗಿದೆ ಅಥವಾ ಕುಗ್ಗಿದೆ, ಪಿಓಡಿಯಲ್ಲಿ ಸ್ವಲ್ಪ ದ್ರವ ಇದೆ, ಮೂರು ಗೆರೆ ಹೋಗಿ ಪದರ ಬೆಳ್ಳಗೆ ಕಾಣುತ್ತಿದೆ. ಇವು ಜೊತೆಯಾಗಿ ಬಂದರೆ "ರಪ್ಚರ್ ಆಗಿದೆ" ಅನ್ನುತ್ತಾರೆ.

ಕೆಲವೊಮ್ಮೆ ಫಾಲಿಕಲ್ ಬೆಳೆದ ಮೇಲೆ ಎಚ್‌ಸಿಜಿ ಇಂಜೆಕ್ಷನ್ ಕೊಡುತ್ತಾರೆ. ಅದು ಎಲ್‌ಎಚ್ ಮಾಡುವ ಕೆಲಸವನ್ನೇ ಮಾಡುತ್ತದೆ, ಸುಮಾರು 36ರಿಂದ 40 ಗಂಟೆಗೆ ಅಂಡಾಣು ಹೊರಬರುತ್ತದೆ. ಇಲ್ಲೊಂದು ಎಚ್ಚರ ಬೇಕು. ಮನೆಯಲ್ಲಿ ಮಾಡುವ ಪ್ರೆಗ್ನೆನ್ಸಿ ಕಿಟ್ ಹುಡುಕುವುದೂ ಇದೇ ಎಚ್‌ಸಿಜಿಯನ್ನೇ. ಇಂಜೆಕ್ಷನ್ ಆಗಿ ಹತ್ತು ದಿನದೊಳಗೆ ಟೆಸ್ಟ್ ಮಾಡಿದರೆ ಗರ್ಭ ನಿಲ್ಲದಿದ್ದರೂ ಎರಡು ಗೆರೆ ಬರಬಹುದು. ಆ ಎರಡನೇ ಗೆರೆ ನೋಡಿ ಮನೆಯವರಿಗೆಲ್ಲ ಹೇಳಿ, ನಾಲ್ಕು ದಿನಕ್ಕೆ ಮುಟ್ಟಾದಾಗ ಆಗುವ ಸಂಕಟ ದೊಡ್ಡದು. ಎರಡು ವಾರ ಕಾಯುವುದು ಒಳ್ಳೆಯದು.

ಬೆರಳ ತುದಿಯಲ್ಲಿ ಸಿಗುವ ಸುಳಿವು

ಮುಟ್ಟು ನಿಂತ ಮೇಲೆ ಕೆಲವು ದಿನ ಒಣ ಒಣ ಅನ್ನಿಸುತ್ತದೆ. ಆಮೇಲೆ ಸ್ವಲ್ಪ ಅಂಟಂಟಾದ, ಬೆಳ್ಳಗಿನ ಲೋಳೆ ಬರುತ್ತದೆ. ಬೆರಳಿನ ಮಧ್ಯೆ ಇಟ್ಟು ಎಳೆದರೆ ಕೂಡಲೇ ಕಡಿದುಹೋಗುತ್ತದೆ. ದಿನ ಕಳೆದಂತೆ ಅದು ನೀರಾಗುತ್ತದೆ, ಜಾಸ್ತಿಯಾಗುತ್ತದೆ. ಅಂಡಾಣು ಬಿಡುಗಡೆ ಹತ್ತಿರ ಬಂದಾಗ ಹಸಿ ಮೊಟ್ಟೆಯ ಬಿಳಿಭಾಗದ ಹಾಗೆ ತಿಳಿಯಾಗಿ, ಜಾರುವಂತೆ ಇರುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ನಿಧಾನಕ್ಕೆ ಎಳೆದರೆ ಹಲವು ಸೆಂಟಿಮೀಟರ್ ದಾರ ಬರುತ್ತದೆ, ಕಡಿಯುವುದಿಲ್ಲ. ಒರೆಸಿಕೊಳ್ಳುವಾಗ ಟಿಶ್ಯೂ ಜಾರುತ್ತದೆ. ಅಂಡಾಣು ಬಿಡುಗಡೆಯಾದ ಒಂದೆರಡು ದಿನಕ್ಕೆ ಇದೆಲ್ಲ ನಿಂತು ಮತ್ತೆ ಗಟ್ಟಿ, ಇಲ್ಲವೇ ಒಣ.

ಈ ತಿಳಿ ಲೋಳೆಯಲ್ಲಿ ನೂರಕ್ಕೆ ಸುಮಾರು 98 ಭಾಗ ನೀರೇ. ಉಳಿದದ್ದು ಮ್ಯೂಸಿನ್ ಎಂಬ ಪ್ರೋಟೀನಿನ ಎಳೆಗಳು ಮತ್ತು ಉಪ್ಪು. ಬೇರೆ ದಿನಗಳಲ್ಲಿ ಆ ಎಳೆಗಳು ಒತ್ತೊತ್ತಾಗಿ ಹೆಣೆದುಕೊಂಡಿರುತ್ತವೆ, ವೀರ್ಯಾಣು ನುಗ್ಗಲು ಜಾಗ ಇರುವುದಿಲ್ಲ. ನೀರು ಹೆಚ್ಚಾದಾಗ ಎಳೆಗಳು ದೂರ ಸರಿದು ದಾರಿ ತೆರೆಯುತ್ತದೆ.

ದಾರಿ ಅಷ್ಟೇ ಅಲ್ಲ, ಲೋಳೆ ವೀರ್ಯಾಣುಗಳನ್ನು ಕಾಪಾಡುತ್ತದೆ ಕೂಡ. ಯೋನಿಯ ಒಳಗೆ ಆಮ್ಲೀಯ ವಾತಾವರಣ, ಪಿಎಚ್ ಸುಮಾರು 4. ಅಲ್ಲಿ ವೀರ್ಯಾಣು ಕೆಲವೇ ಗಂಟೆ ಬದುಕುತ್ತದೆ. ಆ ದಿನಗಳ ಲೋಳೆಯ ಪಿಎಚ್ 7ಕ್ಕಿಂತ ಮೇಲಿರುತ್ತದೆ. ಅದರೊಳಗೆ ಸೇರಿಕೊಂಡ ವೀರ್ಯಾಣು ಐದು ದಿನದವರೆಗೂ ಬದುಕಿರಬಲ್ಲದು. ಅಂಡಾಣುವಿನ ಆಯಸ್ಸು ಮಾತ್ರ ಹೆಚ್ಚೆಂದರೆ ಒಂದು ದಿನ. ಅಂದರೆ ಅಂಡಾಣು ಬರುವ ಮುಂಚೆಯೇ ವೀರ್ಯಾಣು ಅಲ್ಲಿ ಕಾಯುತ್ತಿರಬೇಕು.

ಅಮೆರಿಕದ ವಿಲ್ಕಾಕ್ಸ್ ಮತ್ತು ಸಂಗಡಿಗರು ಇದನ್ನು ಲೆಕ್ಕ ಹಾಕಿ ತೋರಿಸಿದರು. ಮಗುವಿಗಾಗಿ ಪ್ರಯತ್ನಿಸುತ್ತಿದ್ದ 221 ಹೆಂಗಸರ ಮೂತ್ರದ ಹಾರ್ಮೋನನ್ನು ದಿನದಿನವೂ ಅಳೆದ ಆ ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಅಂಡಾಣು ಬಿಡುಗಡೆಯ ದಿನವೂ ಸೇರಿ ಅದರ ಹಿಂದಿನ ಒಟ್ಟು ಆರು ದಿನಗಳಲ್ಲಿ ಕೂಡಿದ್ದಾಗ ಮಾತ್ರ ಗರ್ಭ ನಿಂತಿತ್ತು. ಬಿಡುಗಡೆಯ ಮರುದಿನದಿಂದ ಒಂದೂ ಇಲ್ಲ. ಹಾಗಾಗಿ "ಸ್ಕ್ಯಾನ್‌ನಲ್ಲಿ ರಪ್ಚರ್ ಆಯ್ತು ಅಂದ ಮೇಲೆ ಸೇರಿ" ಎಂಬ ಸಲಹೆ ಯಾರಾದರೂ ಕೊಟ್ಟರೆ ಅದು ತಡವಾದ ಸಲಹೆ. ಜಾರುವ ಲೋಳೆ ಕಂಡ ದಿನದಿಂದಲೇ ದಿನವೂ ಅಥವಾ ದಿನ ಬಿಟ್ಟು ದಿನ ಸೇರುವುದು ಸರಿಯಾದ ಕ್ರಮ.

ಲೋಳೆ ನೋಡಿಕೊಳ್ಳುವುದು ಓದಿದವರಿಗೆ ಮಾತ್ರ ಸಾಧ್ಯ ಅಂದುಕೊಳ್ಳಬೇಡಿ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 1950ರ ದಶಕದಲ್ಲಿ ಜಾನ್ ಬಿಲ್ಲಿಂಗ್ಸ್ ಎಂಬ ಡಾಕ್ಟರು ಈ ವಿಧಾನಕ್ಕೆ ಒಂದು ಕ್ರಮ ಕೊಟ್ಟರು. ಅವರ ಹೆಂಡತಿ ಎವಲಿನ್ ಕೂಡ ಡಾಕ್ಟರು, ಮುಂದೆ ಇಬ್ಬರೂ ಸೇರಿ ಅದನ್ನು ಬೆಳೆಸಿದರು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಐದು ಊರುಗಳಲ್ಲಿ ಪರೀಕ್ಷಿಸಿತು. ಅವುಗಳಲ್ಲಿ ನಮ್ಮ ಬೆಂಗಳೂರೂ ಒಂದು. ಉಳಿದವು ಆಕ್ಲೆಂಡ್, ಡಬ್ಲಿನ್, ಮನಿಲಾ ಮತ್ತು ಎಲ್ ಸಾಲ್ವಡಾರ್‌ನ ಸ್ಯಾನ್ ಮಿಗೆಲ್. 1981ರಲ್ಲಿ ಬಂದ ವರದಿಯ ಪ್ರಕಾರ ಭಾಗವಹಿಸಿದ 869 ಹೆಂಗಸರಲ್ಲಿ ನೂರಕ್ಕೆ 93 ಮಂದಿ ಕಲಿತ ಮೊದಲ ತಿಂಗಳಲ್ಲೇ ತಮ್ಮ ಲೋಳೆಯ ಬದಲಾವಣೆಯನ್ನು ಸರಿಯಾಗಿ ಗುರುತಿಸಿದ್ದರು. ಅವರಲ್ಲಿ ಓದು ಬರಹ ಬಾರದವರೂ ಇದ್ದರು.

ನೋಡುವ ಕ್ರಮ ಸುಲಭ. ಕೈ ತೊಳೆದು, ಮೂತ್ರಕ್ಕೆ ಹೋಗುವ ಮುಂಚೆ ಹೊರಗಡೆಯಿಂದಲೇ ಟಿಶ್ಯೂನಲ್ಲಿ ಒರೆಸಿ ನೋಡಿದರೆ ಸಾಕು. ಕೂಡಿದ ಮರುದಿನ ವೀರ್ಯ ಮತ್ತು ಲೋಳೆ ಬೆರೆತು ಗೊಂದಲವಾಗುತ್ತದೆ, ಆಗ ಸಂಜೆಯ ಹೊತ್ತಿಗೆ ನೋಡುವುದು ಮೇಲು. ರಾತ್ರಿ ಮಲಗುವ ಮುಂಚೆ ಕ್ಯಾಲೆಂಡರಿನಲ್ಲಿ ಒಣ, ಅಂಟು, ಒದ್ದೆ, ಜಾರು ಅಂತ ಒಂದೇ ಪದ ಬರೆದಿಟ್ಟರೆ ಆಯಿತು. ಜಾರುವ ಲೋಳೆಯ ಕೊನೆಯ ದಿನದ ಆಸುಪಾಸಿನಲ್ಲಿ, ಒಂದೆರಡು ದಿನ ಆಚೀಚೆ, ಅಂಡಾಣು ಬಿಡುಗಡೆಯಾಗಿರುತ್ತದೆ. ಅದು ಕೊನೆಯ ದಿನ ಅಂತ ಗೊತ್ತಾಗುವುದು ಮಾತ್ರ ಮಾರನೇ ದಿನ.

ನಮ್ಮ ಕಡೆ ಇನ್ನೊಂದು ತೊಡಕಿದೆ. "ಬಿಳಿ ಹೋದರೆ ಶಕ್ತಿ ಹೋಗುತ್ತೆ", "ಉಷ್ಣ ಜಾಸ್ತಿಯಾಗಿದೆ" ಅನ್ನುವ ಮಾತನ್ನು ಕೇಳದ ಹೆಂಗಸರಿಲ್ಲ. ತಿಂಗಳ ನಡುವೆ ಬರುವ ತಿಳಿ ಲೋಳೆಯನ್ನೇ ಕಾಯಿಲೆ ಎಂದು ತಿಳಿದು ಔಷಧಿ ತೆಗೆದುಕೊಂಡವರು, ಸೋಪು ಹಾಕಿ ಒಳಗೆಲ್ಲ ತೊಳೆದುಕೊಂಡವರು ಎಷ್ಟೋ ಮಂದಿ. ದಯವಿಟ್ಟು ಹಾಗೆ ಮಾಡಬೇಡಿ. ವಾಸನೆ ಇಲ್ಲದ, ತುರಿಕೆ ಇಲ್ಲದ, ತಿಂಗಳ ನಡುವೆ ಬಂದು ತಾನೇ ನಿಲ್ಲುವ ತಿಳಿ ಲೋಳೆ ಆರೋಗ್ಯದ ಲಕ್ಷಣ. ಹಳದಿ ಅಥವಾ ಹಸಿರು ಬಣ್ಣ, ಕೆಟ್ಟ ವಾಸನೆ, ಮೊಸರೊಡೆದಂಥ ಗಂಟು, ತುರಿಕೆ, ಉರಿ ಇದ್ದರೆ ಅದು ಸೋಂಕು. ಅದಕ್ಕೆ ಡಾಕ್ಟರ ಹತ್ತಿರ ಹೋಗಲೇಬೇಕು.

ಸ್ಕ್ಯಾನ್ ಬರುವ ಮುಂಚೆ ಲೋಳೆಯೇ ಆಧಾರವಾಗಿತ್ತು

ಇವತ್ತು ಫರ್ಟಿಲಿಟಿ ಸೆಂಟರಿಗೆ ಹೋದರೆ ಲೋಳೆಯ ಬಗ್ಗೆ ಯಾರೂ ಕೇಳುವುದಿಲ್ಲ, ಅಲ್ವಾ? ಮೊದಲು ಹಾಗಿರಲಿಲ್ಲ. ಗರ್ಭಕೊರಳಿನಿಂದ ಸಿರಿಂಜಿನಲ್ಲಿ ಲೋಳೆ ತೆಗೆದು, ಗಾಜಿನ ಮೇಲೆ ಹಾಕಿ, ಎಷ್ಟು ಉದ್ದ ಎಳೆಯಬಹುದು ಅಂತ ಅಳೆಯುತ್ತಿದ್ದರು. ಒಣಗಿಸಿ ಮೈಕ್ರೋಸ್ಕೋಪಿನಡಿ ನೋಡಿದರೆ ಉಪ್ಪಿನ ಹರಳುಗಳು ಜರೀಗಿಡದ ಎಲೆಯ ಆಕಾರದಲ್ಲಿ ಕವಲೊಡೆದಿರುತ್ತವೆ. ಇದಕ್ಕೆ ಫರ್ನಿಂಗ್ ಅಂತಾರೆ. ಈಸ್ಟ್ರೋಜನ್ ಚೆನ್ನಾಗಿದ್ದಾಗ ಎಲೆ ಪೂರ್ತಿ ಮೂಡುತ್ತದೆ, ಪ್ರೊಜೆಸ್ಟರಾನ್ ಬಂದ ಮೇಲೆ ಮಾಯ.

1972ರಲ್ಲಿ ಇಸ್ರೇಲಿನ ಇನ್ಸ್‌ಲರ್ ಮತ್ತು ಸಂಗಡಿಗರು ಇದಕ್ಕೊಂದು ಅಂಕಪಟ್ಟಿ ಮಾಡಿದರು. ಲೋಳೆಯ ಪ್ರಮಾಣ, ಎಳೆತ, ಫರ್ನಿಂಗ್, ಗರ್ಭಕೊರಳಿನ ಬಾಯಿ ಎಷ್ಟು ತೆರೆದಿದೆ ಎಂಬುದು, ಹೀಗೆ ನಾಲ್ಕಕ್ಕೂ ಮೂರು ಮೂರು ಅಂಕ, ಒಟ್ಟು 12. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಒಟ್ಟು 15 ಅಂಕ. ಅದರಲ್ಲಿ ಲೋಳೆಯ ದಾರ 9 ಸೆಂ.ಮೀ. ಅಥವಾ ಜಾಸ್ತಿ ಬಂದರೆ ಎಳೆತಕ್ಕೆ ಪೂರ್ತಿ ಮೂರು ಅಂಕ. ಫಾಲಿಕಲ್ ಬೆಳೆಸುವ ಇಂಜೆಕ್ಷನ್ ಕೊಟ್ಟು ಅದರ ಪರಿಣಾಮ ತಿಳಿಯಲು ಆಗ ಇಂಥ ಅಂಕಗಳನ್ನೂ ಹಾರ್ಮೋನ್ ಪರೀಕ್ಷೆಯನ್ನೂ ನಂಬಬೇಕಿತ್ತು. ಸ್ಕ್ಯಾನ್‌ನಲ್ಲಿ ಫಾಲಿಕಲ್ ಅಳೆದು ಹಾರ್ಮೋನಿನ ಜೊತೆ ಹೋಲಿಸಿದ ವರದಿಗಳು ಬಂದದ್ದು 1970ರ ದಶಕದ ಕೊನೆಗೆ. 80ರ ದಶಕದಲ್ಲಿ ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಬಂದ ಮೇಲೆ ಲೋಳೆಯ ಅಂಕ ಹಿಂದೆ ಸರಿಯಿತು.

ಇನ್ನೊಂದು ಹಳೆಯ ಪರೀಕ್ಷೆ ಪೋಸ್ಟ್ ಕಾಯ್ಟಲ್ ಟೆಸ್ಟ್. ದಂಪತಿ ಕೂಡಿದ ಕೆಲವು ಗಂಟೆಗಳ ಮೇಲೆ ಲೋಳೆ ತೆಗೆದು, ಅದರಲ್ಲಿ ವೀರ್ಯಾಣು ಓಡಾಡುತ್ತಿದೆಯೇ ಎಂದು ನೋಡುವುದು. ಕೇಳಲು ತರ್ಕಬದ್ಧ. ಆದರೆ ನೆದರ್ಲೆಂಡ್ಸ್‌ನಲ್ಲಿ 444 ದಂಪತಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈ ಪರೀಕ್ಷೆ ಮಾಡಿ, ಇನ್ನೊಂದಕ್ಕೆ ಮಾಡದೆ ನೋಡಿದರು. ಎರಡು ವರ್ಷದಲ್ಲಿ ಗರ್ಭ ನಿಂತದ್ದು ಒಂದು ಕಡೆ ನೂರಕ್ಕೆ 49, ಇನ್ನೊಂದು ಕಡೆ 48. ಪರೀಕ್ಷೆ ಆದವರಿಗೆ ಹೆಚ್ಚುವರಿ ಪರೀಕ್ಷೆ, ಚಿಕಿತ್ಸೆ ಮಾತ್ರ ಜಾಸ್ತಿಯಾಯಿತು. 1998ರಲ್ಲಿ ಈ ಫಲಿತಾಂಶ ಬಂತು. ಬ್ರಿಟನ್, ಅಮೆರಿಕದ ಮಾರ್ಗಸೂಚಿಗಳು ಈಗ ಇದನ್ನು ಎಲ್ಲರಿಗೂ ಮಾಡುವುದು ಬೇಡ ಎನ್ನುತ್ತವೆ. ಗಂಡ ಹೆಂಡತಿಯ ಖಾಸಗಿ ಕ್ಷಣಕ್ಕೆ ಗಡಿಯಾರ ಕಟ್ಟುವ ಈ ಪರೀಕ್ಷೆ ಹೋದದ್ದು ಒಳ್ಳೆಯದೇ ಆಯಿತು. ಆದರೆ ಅದರ ಜೊತೆಗೆ ಲೋಳೆಯ ಬಗ್ಗೆ ಕೇಳುವ ರೂಢಿಯೇ ಹೋದದ್ದು ಒಳ್ಳೆಯದಾಗಲಿಲ್ಲ. ಪ್ರಯೋಗಾಲಯದಲ್ಲಿ ಅಂಕ ಹಾಕುವುದು ಬೇಡದಿರಬಹುದು, ಹೆಂಗಸು ತಾನೇ ಗಮನಿಸಿದ್ದನ್ನು ಕೇಳಲು ಖರ್ಚೇನೂ ಇಲ್ಲವಲ್ಲ.

ಎರಡೂ ಒಂದೇ ಮಾತು ಹೇಳದಿದ್ದಾಗ

ಫಾಲಿಕಲ್ 20 ಮಿ.ಮೀ., ಪದರ ಚೆನ್ನಾಗಿದೆ, ಲೋಳೆ ಜಾರುತ್ತಿದೆ. ಆ ದಿನಗಳಲ್ಲಿ ಸ್ಕ್ಯಾನ್ ಮಾಡುವವರಿಗೆ ಗರ್ಭಕೊರಳಿನ ಕಾಲುವೆಯಲ್ಲಿ ತೆಳು ಕಪ್ಪು ಗೆರೆಯಾಗಿ ಆ ಲೋಳೆ ಕಾಣುವುದೂ ಉಂಟು. ಎಲ್ಲವೂ ಹೀಗೆ ಕೂಡಿಬಂದರೆ ಹೇಳುವುದೇನೂ ಇಲ್ಲ. ಕೂಡಿಬರದಿದ್ದಾಗಲೇ ಜೊತೆಗಿಟ್ಟು ಓದುವುದರ ಲಾಭ.

ಒಂದು ಸಂದರ್ಭ: ಫಾಲಿಕಲ್ ದೊಡ್ಡದಿದೆ, ಆದರೆ ಲೋಳೆ ಇಲ್ಲವೇ ಇಲ್ಲ. ಮೊದಲು ನೋಡಬೇಕಾದದ್ದು ಮಾತ್ರೆ. ಅಂಡಾಣು ಬೆಳೆಸಲು ಕೊಡುವ ಕ್ಲೋಮಿಫೀನ್ ಈಸ್ಟ್ರೋಜನ್‌ಗೆ ಅಡ್ಡ ನಿಲ್ಲುವ ಔಷಧಿ. ಅದು ಮೆದುಳಿನಲ್ಲಿ ಅಡ್ಡ ನಿಂತರೆ ಫಾಲಿಕಲ್ ಬೆಳೆಯುತ್ತದೆ, ನಮಗೆ ಬೇಕಾದದ್ದು ಅದೇ. ಆದರೆ ಗರ್ಭಕೊರಳಿನಲ್ಲೂ ಒಳಪದರದಲ್ಲೂ ಅಡ್ಡ ನಿಂತರೆ ಲೋಳೆ ಒಣಗುತ್ತದೆ, ಪದರ ತೆಳುವಾಗುತ್ತದೆ. ಇದೇ ಕೆಲಸಕ್ಕೆ ಕೊಡುವ ಇನ್ನೊಂದು ಮಾತ್ರೆ ಲೆಟ್ರೊಜೋಲ್‌ನಲ್ಲಿ ಈ ತೊಂದರೆ ಕಡಿಮೆ, ಅದು ಬೇಗ ದೇಹದಿಂದ ಹೊರಹೋಗುತ್ತದೆ. ಪಿಸಿಓಎಸ್ (ನಾವು ಪಿಸಿಓಡಿ ಅನ್ನುವ ತೊಂದರೆ) ಇದ್ದ 750 ಹೆಂಗಸರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ 2014ರಲ್ಲಿ ಬಂತು. ಲೆಟ್ರೊಜೋಲ್ ಪಡೆದವರಲ್ಲಿ ನೂರಕ್ಕೆ 27.5 ಮಂದಿಗೆ ಮಗುವಾಯಿತು, ಕ್ಲೋಮಿಫೀನ್ ಪಡೆದವರಲ್ಲಿ 19.1. ಹಾಗಾಗಿ "ಮಾತ್ರೆ ಶುರುವಾದ ಮೇಲೆ ಆ ದಿನಗಳಲ್ಲಿ ಒಣಗಿದಂತೆ ಆಗುತ್ತಿದೆ" ಎಂಬ ಒಂದು ಮಾತನ್ನು ಡಾಕ್ಟರಿಗೆ ಹೇಳಿ. ಔಷಧಿ ಬದಲಿಸಲು ಅದೇ ಕಾರಣವಾಗಬಹುದು. ಗರ್ಭಕೊರಳಿನಲ್ಲಿ ಹಿಂದೆ ಆಪರೇಷನ್ ಆಗಿದ್ದರೆ, ಅಂದರೆ ಲೀಪ್ ಅಥವಾ ಕೋನ್ ಬಯಾಪ್ಸಿ ಆಗಿದ್ದರೆ, ಲೋಳೆ ತಯಾರಿಸುವ ಗ್ರಂಥಿಗಳೇ ಕಡಿಮೆಯಾಗಿರಬಹುದು. ಆಗ ಐಯುಐ ಉಪಯೋಗಕ್ಕೆ ಬರುತ್ತದೆ. ತೊಳೆದು ಸಿದ್ಧಮಾಡಿದ ವೀರ್ಯವನ್ನು ಗರ್ಭಕೊರಳು ದಾಟಿಸಿ ನೇರ ಗರ್ಭಕೋಶಕ್ಕೆ ಬಿಡುವುದರಿಂದ ಲೋಳೆಯ ಕೊರತೆ ಅಡ್ಡಬರುವುದಿಲ್ಲ.

ಇದರ ಉಲ್ಟಾ: ಲೋಳೆ ಬರುತ್ತದೆ, ನಿಲ್ಲುತ್ತದೆ, ವಾರ ಬಿಟ್ಟು ಮತ್ತೆ ಬರುತ್ತದೆ. ಸ್ಕ್ಯಾನ್‌ನಲ್ಲಿ ಮಾತ್ರ ಯಾವ ಫಾಲಿಕಲ್ಲೂ 10 ಮಿ.ಮೀ. ದಾಟುವುದಿಲ್ಲ. ಪಿಸಿಓಡಿ ಅಂತ ನಾವು ಕರೆಯುವ ತೊಂದರೆಯಲ್ಲಿ ಇದು ಸಾಮಾನ್ಯ. ಪುಟ್ಟ ಫಾಲಿಕಲ್‌ಗಳು ಒಟ್ಟಾಗಿ ಸ್ವಲ್ಪ ಈಸ್ಟ್ರೋಜನ್ ಬಿಡುತ್ತವೆ, ಲೋಳೆ ಬರುತ್ತದೆ, ಆದರೆ ಒಂದೂ ಪೂರ್ತಿ ಬೆಳೆಯುವುದಿಲ್ಲ. ಇವರು ಲೋಳೆ ಒಂದನ್ನೇ ನಂಬಿದರೆ ಮೋಸಹೋಗುತ್ತಾರೆ. ಮೂತ್ರದಲ್ಲಿ ಎಲ್‌ಎಚ್ ಏರಿದೆಯೇ ಎಂದು ನೋಡುವ ಎಲ್‌ಎಚ್ ಕಿಟ್ ಕೂಡ ಇವರಿಗೆ ಸುಮ್ನೆ ಪಾಸಿಟಿವ್ ತೋರಿಸಬಹುದು, ಯಾಕೆಂದರೆ ಎಲ್‌ಎಚ್ ಮೊದಲೇ ಜಾಸ್ತಿ ಇರುವುದುಂಟು. ಸ್ಕ್ಯಾನ್‌ಗೆ ನಿಜವಾದ ಬೆಲೆ ಇರುವುದು ಇಂಥವರಲ್ಲಿ.

ಮೂರನೆಯದು ಅಪರೂಪ. ಲೋಳೆ ನಿಂತು ಗಟ್ಟಿಯಾಯಿತು, ರಕ್ತದಲ್ಲಿ ಪ್ರೊಜೆಸ್ಟರಾನ್ ಏರಿತು, ಎಲ್ಲವೂ ಅಂಡಾಣು ಬಿಡುಗಡೆಯಾದಂತೆಯೇ ಇದೆ. ಆದರೆ ಸ್ಕ್ಯಾನ್‌ನಲ್ಲಿ ಫಾಲಿಕಲ್ ಹಾಗೇ ನಿಂತಿದೆ, ಒಡೆದೇ ಇಲ್ಲ. ಇದಕ್ಕೆ ಎಲ್‌ಯುಎಫ್ ಅಂತಾರೆ. ಇದನ್ನು ಲೋಳೆಯಾಗಲಿ ರಕ್ತಪರೀಕ್ಷೆಯಾಗಲಿ ಹಿಡಿಯಲಾರವು, ಸ್ಕ್ಯಾನ್ ಮಾತ್ರ ಹಿಡಿಯುತ್ತದೆ. ಬ್ರೂಫೆನ್ ಥರದ ನೋವಿನ ಮಾತ್ರೆಗಳನ್ನು ತಿಂಗಳ ನಡುವೆ ಸತತ ನುಂಗುವವರಲ್ಲಿ ಹೀಗಾಗುವುದುಂಟು. ಒಂದು ತಿಂಗಳು ಹೀಗಾದರೆ ಚಿಂತೆ ಬೇಡ, ಪದೇಪದೇ ಆದರೆ ಡಾಕ್ಟರ ಹತ್ತಿರ ಮಾತಾಡಬೇಕು.

ಕೊನೆಯದು ಬರೀ ದಿನದ ಲೆಕ್ಕದ ತಪ್ಪು, ಆದರೆ ತುಂಬ ಜನರಿಗೆ ಆಗುವಂಥದ್ದು. ಎಲ್ಲರಿಗೂ ಹದಿನಾಲ್ಕನೇ ದಿನಕ್ಕೇ ಅಂಡಾಣು ಬರುವುದಿಲ್ಲ. ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮುಂಚೆ ಬರುತ್ತದೆ. 35 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಅದು 21ನೇ ದಿನದ ಹತ್ತಿರ. ಅವರಿಗೆ ಹತ್ತನೇ ದಿನದಿಂದ ಸ್ಕ್ಯಾನ್ ಶುರು ಮಾಡಿ, 16ಕ್ಕೆ ನಿಲ್ಲಿಸಿ "ಎಗ್ ಬೆಳೀತಿಲ್ಲ" ಅಂದರೆ ಅದು ಅನ್ಯಾಯ. ಅದೇ ಹೆಂಗಸು 21ನೇ ದಿನ ಪ್ರೊಜೆಸ್ಟರಾನ್ ಪರೀಕ್ಷೆ ಮಾಡಿಸಿದರೆ ಕಡಿಮೆಯೇ ಬರುತ್ತದೆ, ಆಕೆ ಮಾಡಿಸಬೇಕಾದದ್ದು ಅಂಡಾಣು ಬಂದು ಒಂದು ವಾರಕ್ಕೆ, ಅಂದರೆ 28ನೇ ದಿನ. ಉಲ್ಟಾ, 24 ದಿನಕ್ಕೆ ಮುಟ್ಟಾಗುವವರು 12ನೇ ದಿನ ಬಂದರೆ ಎಲ್ಲ ಮುಗಿದಿರಬಹುದು. ಎರಡು ಮೂರು ತಿಂಗಳು ಲೋಳೆಯ ಟಿಪ್ಪಣಿ ಇಟ್ಟಿದ್ದರೆ ಯಾವ ದಿನದಿಂದ ಸ್ಕ್ಯಾನ್ ಶುರು ಮಾಡಬೇಕು ಅನ್ನುವುದು ಆ ಹಾಳೆಯಲ್ಲೇ ಇರುತ್ತದೆ. ಎಷ್ಟೋ ಸ್ಕ್ಯಾನ್ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ.

ಎರಡರಲ್ಲೂ ಕಾಣದ್ದು

ಮಾಮೂಲಿ ಸ್ಕ್ಯಾನ್‌ನಲ್ಲಿ ಆರೋಗ್ಯವಾದ ಟ್ಯೂಬ್ ಕಾಣುವುದಿಲ್ಲ. ನೀರು ತುಂಬಿ ಊದಿಕೊಂಡಿದ್ದರೆ ಮಾತ್ರ ಕಾಣುತ್ತದೆ. "ಸ್ಕ್ಯಾನ್ ನಾರ್ಮಲ್" ಅಂದ ಮಾತ್ರಕ್ಕೆ ಟ್ಯೂಬ್ ತೆರೆದಿದೆ ಅಂತ ಅಲ್ಲ. ಅದಕ್ಕೆ ಎಚ್‌ಎಸ್‌ಜಿ ಎಂಬ ಎಕ್ಸ್‌ರೇ ಪರೀಕ್ಷೆ ಇದೆ, ದ್ರವ ಹಾಯಿಸಿ ಮಾಡುವ ಬೇರೆ ಥರದ ಸ್ಕ್ಯಾನ್ ಇದೆ, ಬೇಕಾದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾದಲ್ಲಿ ನೋಡುವ ಲ್ಯಾಪರೋಸ್ಕೋಪಿ ಇದೆ.

ಇನ್ನೊಂದು ಕಾಣದ ವಿಷಯ ಗಂಡಸಿನದು. ಹೆಂಡತಿಗೆ ಆರು ತಿಂಗಳು ಸ್ಕ್ಯಾನ್, ಮಾತ್ರೆ, ಇಂಜೆಕ್ಷನ್ ಎಲ್ಲ ಆದ ಮೇಲೆ, ಕೊನೆಗೆ ಗಂಡನ ವೀರ್ಯಪರೀಕ್ಷೆ ಮಾಡಿದಾಗ ತೊಂದರೆ ಅಲ್ಲಿ ಎಂದು ಗೊತ್ತಾಗುವ ಕಥೆ ನಮ್ಮಲ್ಲಿ ತೀರಾ ಸಾಮಾನ್ಯ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ. ಎರಡರಿಂದ ಏಳು ದಿನ ಅಂತರ ಬಿಟ್ಟು ಕೊಡುವ ಒಂದು ಸ್ಯಾಂಪಲ್ ಅಷ್ಟೇ ಅದು. ನೋವಿಲ್ಲ, ಸೂಜಿಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಒಂದು ಮಿಲಿಲೀಟರಿನಲ್ಲಿ 1.6 ಕೋಟಿ ವೀರ್ಯಾಣು, ಅವುಗಳಲ್ಲಿ ನೂರಕ್ಕೆ 42 ಚಲಿಸುತ್ತಿರುವುದು ಕೆಳಗಿನ ಮಿತಿ. ಈ ಫಲಿತಾಂಶ ಕೈಯಲ್ಲಿಲ್ಲದೆ ಫಾಲಿಕ್ಯುಲರ್ ಸ್ಟಡಿ, ಅಂದರೆ ದಿನ ಬಿಟ್ಟು ದಿನದ ಈ ಸ್ಕ್ಯಾನ್‌ಗಳನ್ನು, ತಿಂಗಳುಗಟ್ಟಲೆ ಎಳೆಯುವುದರಲ್ಲಿ ಅರ್ಥವಿಲ್ಲ.

ಹಾಗೆ ನೋಡಿದರೆ ಎಲ್ಲರಿಗೂ ಫಾಲಿಕ್ಯುಲರ್ ಸ್ಟಡಿ ಬೇಕಾಗಿಯೂ ಇಲ್ಲ. ಮುಟ್ಟು ಸರಿಯಾಗಿ ಆಗುತ್ತಿದ್ದು, ತಿಂಗಳ ನಡುವೆ ಲೋಳೆ ಚೆನ್ನಾಗಿ ಬಂದು ನಿಲ್ಲುತ್ತಿದ್ದರೆ ಅಂಡಾಣು ಬಿಡುಗಡೆ ಆಗುತ್ತಿರುವ ಸಾಧ್ಯತೆಯೇ ಹೆಚ್ಚು. ಅಂಥವರಿಗೆ ಒಂದು ಪ್ರೊಜೆಸ್ಟರಾನ್ ಪರೀಕ್ಷೆ ಸಾಕಾಗಬಹುದು. ಮುಟ್ಟು ಏರುಪೇರಾದವರಿಗೆ, ಅಂಡಾಣು ಬೆಳೆಸುವ ಔಷಧಿ ತೆಗೆದುಕೊಳ್ಳುತ್ತಿರುವವರಿಗೆ, ಐಯುಐ ಮಾಡಿಸುವವರಿಗೆ ಸ್ಕ್ಯಾನ್ ಬೇಕೇ ಬೇಕು. ಔಷಧಿ ಜಾಸ್ತಿ ಕೆಲಸ ಮಾಡಿ ಮೂರು ನಾಲ್ಕು ಫಾಲಿಕಲ್ ಒಟ್ಟಿಗೆ ಬೆಳೆದರೆ ಅವಳಿ, ತ್ರಿವಳಿ ಆಗುವ ಅಪಾಯ ಇರುತ್ತದೆ, ಅದನ್ನು ತಡೆಯಲು ಸ್ಕ್ಯಾನ್ ಬಿಟ್ಟರೆ ಗತಿಯಿಲ್ಲ.

ವಯಸ್ಸು 35ರ ಒಳಗಿದ್ದು ಒಂದು ವರ್ಷ ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ ಡಾಕ್ಟರನ್ನು ಕಾಣಬೇಕು. 35 ದಾಟಿದ್ದರೆ ಆರು ತಿಂಗಳು ಸಾಕು. 40 ದಾಟಿದವರು, ಮುಟ್ಟೇ ಸರಿಯಾಗಿ ಆಗದವರು, ಹಿಂದೆ ಟಿಬಿ ಅಥವಾ ಹೊಟ್ಟೆಯ ಆಪರೇಷನ್ ಆದವರು ಕಾಯುವುದೇ ಬೇಡ. ಹೋಗುವಾಗ ಕಳೆದ ಮೂರು ಮುಟ್ಟಿನ ತಾರೀಖು, ಲೋಳೆ ಬರೆದಿಟ್ಟ ಹಾಳೆ, ಹಳೆಯ ಸ್ಕ್ಯಾನ್ ಚೀಟಿಗಳು, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು ಎಲ್ಲ ಕೈಯಲ್ಲಿರಲಿ. ಗಂಡ ಹೆಂಡತಿ ಇಬ್ಬರೂ ಮೊದಲ ದಿನವೇ ಜೊತೆಗೆ ಹೋಗಿ.